ಎಷ್ಟು ಖರ್ಚಾಯ್ತು ಅಂತಲ್ಲ, ಎಷ್ಟೊತ್ತಿಗೆ ಆಯ್ತು ಅಂತ ನೋಡಿ

ಸಂಬಳ ಪರವಾಗಿಲ್ಲ. ಆದರೂ ಕಾರ್ಡಿನ ಬಾಕಿ ಕರಗುತ್ತಿಲ್ಲ, ಸ್ವಂತ ಮನೆಯ ಮಾತು ಪ್ರತಿ ಯುಗಾದಿಗೂ ಒಂದು ವರ್ಷ ಮುಂದಕ್ಕೆ ಹೋಗುತ್ತಿದೆ. ದುಡ್ಡು ಸೋರುವುದು ಲೆಕ್ಕ ಬಾರದ್ದರಿಂದಲ್ಲ, ಮನಸ್ಸು ಸೋತ ಹೊತ್ತಿನಲ್ಲಿ.

ಈ ಲೇಖನ ಓದ್ತಾ ಇರೋ ಫೋನಿನಲ್ಲೇ ಮೊದಲು ಒಂದು ಸಣ್ಣ ಕೆಲಸ ಮಾಡಿ. ಯುಪಿಐ ಆ್ಯಪ್ ತೆರೆದು ಕಳೆದ ತಿಂಗಳ ಪಾವತಿಗಳ ಪಟ್ಟಿ ತೆಗೆಯಿರಿ. ಮೊತ್ತ ನೋಡೋದು ಬೇಡ. ಅದನ್ನು ನೋಡಿ ಬೇಜಾರು ಮಾಡಿಕೊಳ್ಳೋದು ನಮಗೆಲ್ಲ ಅಭ್ಯಾಸ ಆಗಿಹೋಗಿದೆ, ಅದರಿಂದ ಏನೂ ಬದಲಾಗಿಲ್ಲ. ಒಂದೊಂದು ಪಾವತಿಯನ್ನೂ ಒತ್ತಿ, ಅದು ನಡೆದ ಸಮಯ ಎಷ್ಟು ಅಂತ ನೋಡಿ.

ಬೆಳಗ್ಗೆ ಏಳಕ್ಕೆ ಹಾಲು, ಒಂಬತ್ತಕ್ಕೆ ಮೆಟ್ರೊ ರೀಚಾರ್ಜ್, ಮಧ್ಯಾಹ್ನ ಊಟ. ಇವುಗಳ ತಂಟೆಗೆ ಹೋಗಬೇಡಿ. ಸ್ವಲ್ಪ ಕೆಳಗೆ ಬನ್ನಿ. ರಾತ್ರಿ 11.20ಕ್ಕೆ ಒಂದು ಕುರ್ತಿ. 11.40ಕ್ಕೆ ಬಿರಿಯಾನಿ, ಅದೂ ರಾತ್ರಿ ಊಟ ಆದಮೇಲೆ. ಭಾನುವಾರ ಸಂಜೆ ಆರೂವರೆಗೆ, ಸೋಮವಾರ ನೆನಪಾಗುವ ಹೊತ್ತಿಗೆ ಸರಿಯಾಗಿ, ಒಂದು ಜೊತೆ ಶೂ. ಸಂಬಳ ಬಂದ ದಿನ ಮಧ್ಯಾಹ್ನ ಎರಡು ಗಂಟೆಯೊಳಗೆ ನಾಲ್ಕು ಪಾವತಿ. ಎರಡು ಮೂರು ತಿಂಗಳು ಹಿಂದೆ ಹೋದರೂ ಹೆಚ್ಚುಕಡಿಮೆ ಇದೇ ಹೊತ್ತುಗಳು ಸಿಗುತ್ತವೆ. ವಸ್ತುಗಳು ಬೇರೆ ಬೇರೆ, ಹೊತ್ತು ಒಂದೇ.

ಬಜೆಟ್ ಮಾಡಿ, ಬಜೆಟ್ ಮಾಡಿ ಅಂತ ಎಲ್ಲರೂ ಹೇಳ್ತಾರೆ. ಬಜೆಟ್ ಬರೆಯೋದು ತಿಂಗಳ ಒಂದನೇ ತಾರೀಕು ಕಾಫಿ ಕುಡೀತಾ ಕೂತ ಮನುಷ್ಯ. ಖರ್ಚು ಮಾಡೋದು ಮ್ಯಾನೇಜರ್ ಜೊತೆಗಿನ ಕಾಲ್ ಮುಗಿಸಿ, ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ ನಿಂತು, ರಾತ್ರಿ ಹಾಸಿಗೆ ಮೇಲೆ ಬಿದ್ದುಕೊಂಡ ಮನುಷ್ಯ. ಹೆಸರು ಒಂದೇ, ಆದರೆ ಇಬ್ಬರಿಗೂ ಪರಿಚಯವೇ ಇಲ್ಲ. ಮೊದಲನೆಯವನು ಬರೆದಿಟ್ಟ ಎಕ್ಸೆಲ್ ಶೀಟನ್ನು ಎರಡನೆಯವನು ತೆರೆದೂ ನೋಡಲ್ಲ.

ಇದು ಬರೀ ಊಹೆ ಅಲ್ಲ. 2008ರಲ್ಲಿ ಸಿಂಥಿಯಾ ಕ್ರೈಡರ್, ಜೆನಿಫರ್ ಲರ್ನರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ದುಃಖದ ವಿಡಿಯೊ, ಕೆಲವರಿಗೆ ಸಾಧಾರಣ ವಿಡಿಯೊ ತೋರಿಸಿ, ಆಮೇಲೆ ಒಂದು ನೀರಿನ ಬಾಟಲಿಗೆ ಎಷ್ಟು ಕೊಡ್ತೀರಿ ಅಂತ ಕೇಳಿದರು. ದುಃಖದ ವಿಡಿಯೊ ನೋಡಿದವರು ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ವಿಡಿಯೊಗೂ ಬೆಲೆಗೂ ಸಂಬಂಧ ಇದೆ ಅಂತ ಅವರಿಗೆ ಅನ್ನಿಸಿರಲೂ ಇಲ್ಲ. ಇನ್ನೊಂದು ಅಧ್ಯಯನ 2001ರದ್ದು, ಎಂಐಟಿಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಅವರದು. ಬ್ಯಾಸ್ಕೆಟ್‌ಬಾಲ್ ಟಿಕೆಟ್ಟಿನ ಹರಾಜಿನಲ್ಲಿ, ನಗದು ಕೊಡಬೇಕಾದವರಿಗಿಂತ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಡುವವರು ಸುಮಾರು ಎರಡು ಪಟ್ಟು ಕೂಗಿದರು. ಅದೇ ಟಿಕೆಟ್, ಅದೇ ಪಂದ್ಯ. ನೋಟು ಎಣಿಸಿ ಕೊಡುವಾಗ ಕೈಗೆ ಆಗುವ ಸಣ್ಣ ನೋವು ಕಾರ್ಡಿನಲ್ಲಿ ಇಲ್ಲ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೇ ಜೋಡಿಸಬಹುದಾದ ಮೇಲಂತೂ ಬೀದಿ ಬದಿಯ ಎಳನೀರೂ ಸಾಲದಲ್ಲಿ ಬರುತ್ತೆ, ಸಾಲ ಅಂತ ಅನ್ನಿಸದೇ ಬರುತ್ತೆ.

ನಮ್ಮ ಮನೆಗಳ ಭಾವನೆಗಳೇ ಬೇರೆ

ಭಾವನಾತ್ಮಕ ಖರ್ಚು ಅಂದ ಕೂಡಲೇ ಹುಡುಗಿ, ಮಾಲ್, ಹತ್ತು ಶಾಪಿಂಗ್ ಬ್ಯಾಗ್ ಚಿತ್ರ ಹಾಕಿಬಿಡ್ತಾರೆ. ಅದು ಸಿನಿಮಾದಿಂದ ಬಂದ ಚಿತ್ರ. ನಮ್ಮ ಕಡೆ ದೊಡ್ಡ ಮೊತ್ತಗಳು ಹೋಗೋದು ಬೇರೆ ಎರಡು ಭಾವನೆಗಳಿಗೆ, ಗಂಡಸರು ಹೆಂಗಸರು ಅಂತ ಭೇದ ಇಲ್ಲದೆ.

ಒಂದು, ತಪ್ಪಿತಸ್ಥ ಭಾವ. ಊರಿಗೆ ಹೋಗಿ ಐದು ತಿಂಗಳಾಯ್ತು. ಅಮ್ಮ ಫೋನಲ್ಲಿ "ಇರ್ಲಿ ಬಿಡಪ್ಪಾ, ನಿನಗೂ ಕೆಲಸ ಇರುತ್ತೆ" ಅಂತಾರೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಫೋನ್ ಇಟ್ಟ ಅರ್ಧ ಗಂಟೆಯಲ್ಲಿ ಹಾಸನಕ್ಕೋ ಹಾವೇರಿಗೋ ಒಂದು ಹೊಸ ವಾಷಿಂಗ್ ಮೆಷಿನ್ ಹೊರಡುತ್ತೆ, ಹನ್ನೆರಡು ಕಂತಿನಲ್ಲಿ. ಹಳೇ ಮೆಷಿನ್ ಚೆನ್ನಾಗೇ ಇತ್ತು. ಅಮ್ಮನಿಗೆ ಬೇಕಿದ್ದದ್ದು ಎರಡು ದಿನದ ಸಹವಾಸ, ಅದರ ಬೆಲೆ ರಾಜಹಂಸ ಬಸ್ಸಿನ ಟಿಕೆಟ್. ಚಿಕ್ಕ ಮಕ್ಕಳಿರುವ ಮನೆಗಳಲ್ಲೂ ಇದೇ. ಡೇಕೇರ್‌ನಿಂದ ಮಗುವನ್ನು ಕರೆತರೋದು ತಡವಾದ ದಿನವೇ ಆಟಿಕೆ ಅಂಗಡಿಗೆ ವ್ಯಾಪಾರ.

ಎರಡನೆಯದು, ಮರ್ಯಾದೆ. ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಪುಸ್ತಕ ಅಂತ ಒಂದಿದೆ. ಯಾರು ಏನು ಕೊಟ್ಟರು ಅಂತ ಅದರಲ್ಲಿ ಬರೆದಿಡ್ತಾರೆ, ನಾಳೆ ಅವರ ಮನೆಗೆ ಅಷ್ಟೇ ವಾಪಸ್ ಹೋಗಬೇಕು. ಒಂದು ಕಾಲಕ್ಕೆ ಇದು ಒಳ್ಳೇ ವ್ಯವಸ್ಥೆ, ಮದುವೆ ಮಾಡುವವನಿಗೆ ಊರೆಲ್ಲ ಸೇರಿ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗೆ. ಈಗ ಬೆಂಗಳೂರಲ್ಲಿ ಕೆಲಸ ಸಿಕ್ಕ ಹುಡುಗ ಹುಡುಗಿಯರ ಲೆಕ್ಕ ಬದಲಾಗಿದೆ. "ಏನಮ್ಮಾ, ಸಾಫ್ಟ್‌ವೇರ್ ಅಂತೀಯ, ಬರೀ ಇಷ್ಟೇನಾ?" ಅಂತ ದೊಡ್ಡಮ್ಮ ನಗ್ತಾ ಕೇಳಿದ ಒಂದು ಮಾತಿಗೆ ಐದು ಸಾವಿರದ ಸೀರೆ ಹದಿನೈದು ಸಾವಿರದ್ದಾಗುತ್ತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಗಾದೆ ಮಾಡಿದ ಜನವೇ ನಾವು. ಗಾದೆ ಹೇಳ್ತಾ ಹೇಳ್ತಾನೇ ಹೂವು ಮುಡೀತೀವಿ.

ಇಂಥ ಖರ್ಚನ್ನೆಲ್ಲ ನಿಲ್ಲಿಸಿಬಿಡಿ ಅನ್ನೋದು ಅಮಾನವೀಯ. ತಂಗಿ ಮದುವೆಗೆ ಕೊಡಬೇಡ ಅಂತ ಯಾವ ಹಣಕಾಸು ತಜ್ಞರೂ ಹೇಳಬಾರದು. ಆದರೆ ಮದುವೆ ಮುಹೂರ್ತ ಮೂರು ತಿಂಗಳು ಮೊದಲೇ ಗೊತ್ತಿರುತ್ತೆ. ಗೌರಿ ಹಬ್ಬ, ವರಮಹಾಲಕ್ಷ್ಮಿ, ದೀಪಾವಳಿ ಕ್ಯಾಲೆಂಡರಿನಲ್ಲೇ ಇವೆ. ಮೊದಲೇ ಗೊತ್ತಿರುವ ಪ್ರೀತಿಗೆ ಮೊದಲೇ ದುಡ್ಡು ತೆಗೆದಿಡಬಹುದು. ಬೇರೆ ಒಂದು ಖಾತೆಯಲ್ಲಿ ತಿಂಗಳಿಗೆ ಎರಡು ಮೂರು ಸಾವಿರ, ಅದಕ್ಕೆ 'ನೆಂಟರು' ಅಂತಲೇ ಹೆಸರಿಡಿ. ದೊಡ್ಡಮ್ಮ ಏನೇ ಹೇಳಲಿ, ಆ ಖಾತೆಯಲ್ಲಿ ಎಷ್ಟಿದೆಯೋ ಅಷ್ಟೇ ಸೀರೆ.

ಎಂಟು ಸಾವಿರ ಕಟ್ಟಿ ಕಡಿಮೆಯಾದದ್ದು ಎಷ್ಟು?

ಒಂದು ಮನೆ ಕಲ್ಪಿಸಿಕೊಳ್ಳೋಣ. ಗಂಡ ಹೆಂಡತಿ ಇಬ್ಬರಿಗೂ ಮೂವತ್ತರ ಆಸುಪಾಸು. ಕೆಂಗೇರಿ ಉಪನಗರದಲ್ಲಿ ₹22,000 ಬಾಡಿಗೆ. ಒಬ್ಬರು ನೇರಳೆ ಮಾರ್ಗದ ಮೆಟ್ರೊದಲ್ಲಿ ವೈಟ್‌ಫೀಲ್ಡ್ ಕಡೆಗೆ, ಇನ್ನೊಬ್ಬರು ಬೈಕಿನಲ್ಲಿ ಜೆ.ಪಿ. ನಗರಕ್ಕೆ. ಕೈಗೆ ಬರುವ ಸಂಬಳ ಇಬ್ಬರದೂ ಸೇರಿ ₹1.30 ಲಕ್ಷ. ಬಾಡಿಗೆ, ಊರಿಗೆ ಕಳಿಸೋದು, ದಿನಸಿ, ಡೇಕೇರ್, ವಿಮೆ, ಪೆಟ್ರೋಲ್ ಎಲ್ಲ ಕಳೆದರೆ ಉಳಿಯಬೇಕಾದದ್ದು ಉಳಿಯುತ್ತಿಲ್ಲ. ಕಾರಣ ಮೂರು ಸಾಲ: ಕ್ರೆಡಿಟ್ ಕಾರ್ಡಿನ ಬಾಕಿ ₹1.60 ಲಕ್ಷ, ತಿಂಗಳಿಗೆ ಕನಿಷ್ಠ ಮೊತ್ತ ₹8,000. ಆ್ಯಪ್‌ನಲ್ಲಿ ತೆಗೆದ ಸಾಲದ ಬಾಕಿ ₹40,000, ಕಂತು ₹6,500. ಫೋನಿನ ಕಂತು ₹4,500. ಒಟ್ಟು ತಿಂಗಳಿಗೆ ₹19,000.

ಎಲ್ಲ ಸರಿಯಾಗಿ ಕಟ್ತಾ ಇದ್ದೀವಲ್ಲ ಅಂತ ಇಬ್ಬರಿಗೂ ಸಮಾಧಾನ. ಕಾರ್ಡಿನ ಲೆಕ್ಕ ಬಿಡಿಸಿ ನೋಡಿ. ಬಾಕಿ ಉಳಿಸಿಕೊಂಡವರಿಗೆ ತಿಂಗಳಿಗೆ ಶೇ 3.5ರ ಬಡ್ಡಿ ನಮ್ಮಲ್ಲಿ ಸಾಮಾನ್ಯ, ಅಂದರೆ ವರ್ಷಕ್ಕೆ ಶೇ 42. ₹1.60 ಲಕ್ಷಕ್ಕೆ ಒಂದು ತಿಂಗಳ ಬಡ್ಡಿ ₹5,600. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ₹1,008. ಎರಡೂ ಸೇರಿ ₹6,608. ಕಟ್ಟಿದ ಎಂಟು ಸಾವಿರದಲ್ಲಿ ಸಾಲ ಇಳಿದದ್ದು ₹1,392 ಮಾತ್ರ. ಅದೇ ತಿಂಗಳು ರಾತ್ರಿ 11.20ರ ಒಂದು ಕುರ್ತಿ ಬಂದರೆ ಅದೂ ಇಲ್ಲ. ಇನ್ನೊಂದು ವಿಷಯ: ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಆ ನಲವತ್ತೈದು ಐವತ್ತು ದಿನದ ಬಡ್ಡಿರಹಿತ ಅವಧಿಯೂ ಸಿಗಲ್ಲ, ಕೊಂಡ ದಿನದಿಂದಲೇ ಬಡ್ಡಿ.

ಈ ಬಡ್ಡಿಗೆ ಮಿತಿ ಇಲ್ವಾ? ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ತೆಗೆದುಕೊಳ್ಳೋದು ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ಕಾನೂನು ಬಂದು ಕಾಪಾಡುತ್ತೆ ಅಂತ ಕಾಯೋದು ಬೇಡ.

ಈಗ ಅದೇ ₹1.60 ಲಕ್ಷವನ್ನು ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ಶೇ 15ರ ಬಡ್ಡಿಗೆ ಎರಡು ವರ್ಷದ ವೈಯಕ್ತಿಕ ಸಾಲ ಮಾಡಿ ತೀರಿಸಿದರೆ ಕಂತು ಸುಮಾರು ₹7,758. ಇದು ಕಾರ್ಡಿನ ಕನಿಷ್ಠ ಮೊತ್ತಕ್ಕಿಂತಲೂ ಕಡಿಮೆ, ಅಲ್ಲದೆ 24 ತಿಂಗಳಿಗೆ ಸಾಲ ಮುಗಿದೇ ಹೋಗುತ್ತೆ. ಪ್ರೊಸೆಸಿಂಗ್ ಶುಲ್ಕ ಎಷ್ಟು, ಅವಧಿಗೆ ಮೊದಲೇ ತೀರಿಸಿದರೆ ದಂಡ ಇದೆಯಾ ಅಂತ ಕೇಳಿಕೊಳ್ಳಿ. ಕಂಪನಿಯ ನೌಕರರ ಸೊಸೈಟಿ ಇದ್ದರೆ ಬಡ್ಡಿ ಇನ್ನೂ ಕಡಿಮೆ ಇರಬಹುದು. ಆದರೆ ಎಡವೋದು ಇಲ್ಲೇ: ಕಾರ್ಡು ಖಾಲಿಯಾದ ಮರುದಿನ ಅದರ ಲಿಮಿಟ್ ಪೂರ್ತಿ ನಗ್ತಾ ನಿಂತಿರುತ್ತೆ. ಅದೇ ವಾರ ಬ್ಯಾಂಕಿಗೆ ಹೇಳಿ ಲಿಮಿಟ್ಟನ್ನು ಇಳಿಸಿ. ಇಲ್ಲದಿದ್ದರೆ ಆರು ತಿಂಗಳಲ್ಲಿ ಹಳೇ ಸಾಲವೂ ಇದೆ, ಹೊಸ ಬಾಕಿಯೂ ಇದೆ ಅನ್ನುವ ಸ್ಥಿತಿ.

ಯಾವ ಸಾಲ ಮೊದಲು ತೀರಿಸಬೇಕು? ಬಡ್ಡಿ ಹೆಚ್ಚಿರೋದು ಮೊದಲು ಅಂತ ಗಣಿತ ಹೇಳುತ್ತೆ. ಚಿಕ್ಕದನ್ನು ಮೊದಲು ಮುಗಿಸಿದವರು ಕೊನೆತನಕ ಹೋಗುವ ಸಾಧ್ಯತೆ ಹೆಚ್ಚು ಅಂತ 2012ರ ಒಂದು ಅಮೆರಿಕನ್ ಅಧ್ಯಯನ ತೋರಿಸಿದೆ. ಕಾರ್ಡಿನ ಬಡ್ಡಿ ಇಳಿಸಿಕೊಂಡ ಮೇಲೆ ಈ ಜಗಳಕ್ಕೆ ಅಷ್ಟು ಅರ್ಥ ಇಲ್ಲ. ನಲವತ್ತು ಸಾವಿರದ ಆ್ಯಪ್ ಸಾಲ ಏಳು ತಿಂಗಳಿಗೆ ಮುಗಿಯುತ್ತೆ, ಮುಗಿದ ದಿನ ಮನಸ್ಸಿಗೆ ಆಗುವ ಹಗುರ ಇದೆಯಲ್ಲ, ಅದು ರಾತ್ರಿಯ ಆರ್ಡರ್‌ಗಿಂತ ಹೆಚ್ಚು ದಿನ ಬಾಳುತ್ತೆ.

ಒಂದನ್ನು ಮಾತ್ರ ಮಾಡಬೇಡಿ. ತಿಂಗಳುಗಟ್ಟಲೆ ಕಟ್ಟದೇ ಇದ್ದರೆ "ಅರ್ಧಕ್ಕೆ ಸೆಟಲ್ ಮಾಡ್ಕೊಳ್ಳಿ ಸರ್" ಅಂತ ಫೋನ್ ಬರುತ್ತೆ. ಲಾಭ ಅನ್ನಿಸುತ್ತೆ. ನಿಮ್ಮ ಸಾಲದ ವರದಿಯಲ್ಲಿ ಅದು ಪೂರ್ತಿ ತೀರಿದ ಸಾಲ ಅಂತ ಅಲ್ಲ, 'ಸೆಟಲ್ಡ್' ಅಂತ ಕೂರುತ್ತೆ. ಗೃಹಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ಕಣ್ಣು ಹಾಯಿಸೋದು ಅಲ್ಲಿಗೆ. ಸಿಬಿಲ್ ಸೇರಿ ನಾಲ್ಕು ಕಂಪನಿಗಳು ಇಂಥ ವರದಿ ಇಡುತ್ತವೆ, ಪ್ರತಿಯೊಂದರಿಂದಲೂ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ತೆಗೆದು ನೋಡಿ, ಎಂದೋ ಮರೆತ ಕಾರ್ಡಿನ ನಾನೂರು ರೂಪಾಯಿ ಬಾಕಿಯೂ ಅಲ್ಲಿ ಅಡಗಿ ಕೂತಿರಬಹುದು.

ಹನ್ನೊಂದೂವರೆಯ ಮನುಷ್ಯನಿಗೆ

ಸಂಕಲ್ಪಶಕ್ತಿ ಬೆಳೆಸಿಕೊಳ್ಳಿ ಅನ್ನೋದು ಸುಲಭ. ಆ ಹೊತ್ತಿಗೆ ಶಕ್ತಿಯೇ ಇರಲ್ಲ, ಸಂಕಲ್ಪ ಎಲ್ಲಿಂದ ಬರಬೇಕು? ಅದರ ಬದಲು ದಾರಿಯಲ್ಲಿ ಒಂದು ಕಲ್ಲು ಇಡೋದು ಉತ್ತಮ. 2020ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮದ ಪ್ರಕಾರ ಪ್ರತಿ ಕಾರ್ಡಿನ ಆನ್‌ಲೈನ್ ವಹಿವಾಟನ್ನು ನೀವೇ ಆಫ್ ಮಾಡಬಹುದು, ಮಿತಿಯನ್ನೂ ಇಡಬಹುದು. ಬ್ಯಾಂಕಿನ ಆ್ಯಪ್‌ನಲ್ಲೇ ಇರುತ್ತೆ ಆ ಸ್ವಿಚ್ಚು. ಆಫ್ ಮಾಡಿಡಿ, ಬೇಕಾದಾಗ ಆನ್ ಮಾಡಿ. ಎರಡು ನಿಮಿಷದ ಕೆಲಸ, ಆದರೆ ಎಷ್ಟೋ ರಾತ್ರಿ ಆ ಎರಡು ನಿಮಿಷ ಸಾಕು. ಯುಪಿಐಗೆ ಸಂಬಳದ ಖಾತೆಯ ಬದಲು ಬೇರೆ ಖಾತೆ ಜೋಡಿಸಿ, ಪ್ರತಿ ಸೋಮವಾರ ಆ ವಾರದ ಖರ್ಚಿನಷ್ಟು ಮಾತ್ರ ಅದಕ್ಕೆ ಹಾಕಿ. ಶಾಪಿಂಗ್ ಆ್ಯಪ್‌ಗಳ ನೋಟಿಫಿಕೇಶನ್ ತೆಗೆದುಹಾಕಿ.

ಕಾರ್ಟ್‌ಗೆ ಹಾಕೋದನ್ನು ಮಾತ್ರ ನಿಲ್ಲಿಸಬೇಕಿಲ್ಲ. ತಮಾಷೆ ಅಲ್ಲ. ಸ್ಕಾಟ್ ರಿಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೇಜಾರು ಕಡಿಮೆ ಮಾಡೋದು ಆರಿಸುವ ಕೆಲಸ, ಇದು ಬೇಕು ಅದು ಬೇಡ ಅಂತ ತೀರ್ಮಾನಿಸುವಾಗ ಸಿಗುವ ಹಿಡಿತದ ಭಾವ. ಇಡೀ ದಿನ ಬೇರೆಯವರು ಹೇಳಿದ್ದೇ ಮಾಡಿದವರಿಗೆ ಅದು ಬೇಕೇ ಬೇಕು. ಹಾಗಾಗಿ ಆರಿಸಿ, ಬಣ್ಣ ಬದಲಾಯಿಸಿ, ಸೈಜ್ ನೋಡಿ, ಕಾರ್ಟ್‌ನಲ್ಲಿ ಇಟ್ಟು ಮಲಗಿ. ದುಡ್ಡು ಕೊಡುವ ತೀರ್ಮಾನವನ್ನು ಮರುದಿನ ಮಧ್ಯಾಹ್ನ ಊಟ ಆದಮೇಲೆ ಮಾಡಿ. 'ಇನ್ನು ಎರಡೇ ಉಳಿದಿವೆ', 'ಆಫರ್ ಮುಗಿಯಲು 9 ನಿಮಿಷ' ಅಂತ ಆ್ಯಪ್ ಹೆದರಿಸುತ್ತೆ. ಇಂಥ ಸುಳ್ಳು ಅವಸರವನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಒಂದು ಅಂತ ಹೆಸರಿಸಿದೆ.

ಇದೆಲ್ಲಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಪಾರ್ಸೆಲ್ ಮನೆಗೆ ಬರದೆ ಆಫೀಸಿನ ವಿಳಾಸಕ್ಕೆ ಹೋಗ್ತಾ ಇದ್ದರೆ, ಬಿಲ್ಲಿನ ಎಸ್ಸೆಮ್ಮೆಸ್ಸನ್ನು ಗಂಡ ನೋಡುವ ಮುಂಚೆ ಅಳಿಸ್ತಾ ಇದ್ದರೆ, "ಹೊಸದಾ?" ಅಂದಾಗ "ಇಲ್ಲಾರೀ, ಹಳೇದೇ" ಅಂತ ಬಾಯಿಗೆ ಬರ್ತಾ ಇದ್ದರೆ, ಸಾಲಕ್ಕಿಂತ ಮೊದಲು ಆ ಗುಟ್ಟು ತೀರಬೇಕು. ಹೆಂಡತಿಗೆ ಹೇಳದೆ ಆ್ಯಪ್ ಸಾಲ ತೆಗೆದ ಗಂಡಂದಿರಿಗೂ ಇದೇ ಮಾತು. ಒಂದು ಶನಿವಾರ ಬೆಳಗ್ಗೆ, ತಿಂಡಿ ಆದಮೇಲೆ, ಇಬ್ಬರೂ ಎಲ್ಲ ಬಾಕಿಗಳನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಯಾಕೆ ತಗೊಂಡೆ ಅಂತ ಅವತ್ತು ಕೇಳಬೇಡಿ. ಕೊಳ್ಳದಿದ್ದರೆ ಕೈ ನಡುಗುತ್ತೆ, ನಿದ್ದೆ ಬರಲ್ಲ, ಸಾಲದ ಯೋಚನೆಯಲ್ಲಿ ಬದುಕೇ ಬೇಡ ಅನ್ನಿಸುತ್ತೆ ಅನ್ನುವ ಮಟ್ಟಕ್ಕೆ ಹೋಗಿದ್ದರೆ ಅದು ಲೆಕ್ಕದ ವಿಷಯವಲ್ಲ, ಆರೋಗ್ಯದ ವಿಷಯ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವಸೂಲಿಯವರ ಕಾಟ ಇದ್ದರೆ, ಬೆಳಗ್ಗೆ 8ರ ಮೊದಲು ಮತ್ತು ಸಂಜೆ 7ರ ನಂತರ ಅವರು ಫೋನ್ ಮಾಡುವಂತಿಲ್ಲ ಅಂತ ಆರ್‌ಬಿಐ ನಿಯಮವೇ ಇದೆ.

ಮನೆಗೆ ಎಷ್ಟು ಬೇಕು?

ಕೆಂಗೇರಿಯ ನಮ್ಮ ಜೋಡಿ ₹60 ಲಕ್ಷದ ಫ್ಲ್ಯಾಟ್ ನೋಡಿದ್ದಾರೆ ಅಂದುಕೊಳ್ಳಿ. ₹30 ಲಕ್ಷದಿಂದ ₹75 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಮನೆಯ ಬೆಲೆಯ ಶೇ 80ರವರೆಗೆ ಮಾತ್ರ ಕೊಡಬಹುದು. ಅಂದರೆ ಸಾಲ ₹48 ಲಕ್ಷ, ಕೈಯಿಂದ ₹12 ಲಕ್ಷ. ಇಷ್ಟೇ ಅಂದುಕೊಂಡು ಹೋದವರು ರಿಜಿಸ್ಟ್ರೇಷನ್ ದಿನ ಬೆವರುತ್ತಾರೆ. ₹45 ಲಕ್ಷಕ್ಕೂ ಹೆಚ್ಚಿನ ಆಸ್ತಿಗೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ನಗರದಲ್ಲಿ ಎಲ್ಲ ಸೇರಿ ಶೇ 7.6, ₹60 ಲಕ್ಷಕ್ಕೆ ₹4.56 ಲಕ್ಷ. ಇದಕ್ಕೆ ಬ್ಯಾಂಕು ಸಾಲ ಕೊಡಲ್ಲ. ಹಾಗಾಗಿ ಕೈಯಲ್ಲಿ ಇರಬೇಕಾದದ್ದು ₹16.5 ಲಕ್ಷ ದಾಟುತ್ತೆ, ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಜಿಎಸ್‌ಟಿ ಬೇರೆ. ಸಾಲದ ಕಂತು ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳಿಗೆ ಸುಮಾರು ₹41,650. ಇಬ್ಬರ ಸಂಬಳದಲ್ಲಿ ಅದು ಮೂರನೇ ಒಂದು ಭಾಗದೊಳಗೆ ಬರುತ್ತೆ. ಒಬ್ಬರ ಸಂಬಳ ನಿಂತರೆ ಉಸಿರು ಕಟ್ಟುತ್ತೆ, ಅದನ್ನೂ ಈಗಲೇ ಮಾತಾಡಿಕೊಳ್ಳಿ.

ಆ ₹16.5 ಲಕ್ಷ ಎಲ್ಲಿಂದ? ಸಾಲಕ್ಕೆ ಹೋಗುತ್ತಿದ್ದ ₹19,000 ನೆನಪಿದೆಯಲ್ಲ. ಕೊನೆಯ ಕಂತು ಮುಗಿದ ಮುಂದಿನ ತಿಂಗಳಿಂದಲೇ, ಅದೇ ತಾರೀಕಿಗೆ, ಅದೇ ಮೊತ್ತ ತಾನಾಗಿಯೇ ಆರ್‌ಡಿಗೆ ಹೋಗಬೇಕು. ಒಂದು ತಿಂಗಳು ಗ್ಯಾಪ್ ಕೊಟ್ಟರೂ ಆ ದುಡ್ಡು ಬೇರೆ ಏನೋ ಆಗಿಬಿಡುತ್ತೆ. ಅದಿಲ್ಲದೆಯೇ ಬದುಕೋಕೆ ಎರಡು ವರ್ಷದಿಂದ ಅಭ್ಯಾಸ ಆಗಿದೆ, ಆ ಅಭ್ಯಾಸವೇ ಇಲ್ಲಿ ಬಂಡವಾಳ. ಇದಕ್ಕೆ ರಾತ್ರಿಯ ಆರ್ಡರ್‌ಗಳಿಂದ ಉಳಿದ ಆರು ಸಾವಿರ ಸೇರಿಸಿದರೆ ತಿಂಗಳಿಗೆ ₹25,000. ಶೇ 6.5ರ ಬಡ್ಡಿಯಲ್ಲಿ ನಾಲ್ಕು ವರ್ಷಕ್ಕೆ, ತೆರಿಗೆಗೆ ಮುಂಚೆ, ಸುಮಾರು ₹13.7 ಲಕ್ಷ. ಹಳೇ ಮನೆಗೆ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಟ್ಟಿದ್ದರೆ ಅದೇ ₹2.2 ಲಕ್ಷ ವಾಪಸ್ ಬರಬೇಕು, ಪೇಂಟಿಂಗ್‌ಗೆ ಅಂತ ಓನರ್ ಹಿಡಿದುಕೊಂಡದ್ದು ಬಿಟ್ಟು. ಉಳಿದ ಕೊರತೆಯನ್ನು ಸಂಬಳ ಏರಿದ ಹಾಗೆ ಕಂತು ಏರಿಸಿ ತುಂಬಿಸಬಹುದು. ಇನ್‌ಕ್ರಿಮೆಂಟ್ ಬರುವ ಮೊದಲೇ ಅದರ ಅರ್ಧ ಉಳಿತಾಯಕ್ಕೆ ಅಂತ ಬರೆದಿಟ್ಟರೆ ಜೇಬಿಗೆ ನೋವಾಗಲ್ಲ. ಒಂದೆರಡು ತಿಂಗಳ ಖರ್ಚಿನಷ್ಟು ಆಪತ್ತಿಗೆ ಬೇರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಬೈಕ್ ರಿಪೇರಿಗೆ ಮತ್ತೆ ಕಾರ್ಡೇ ಗತಿ.

ಎರಡು ವರ್ಷ ಸಾಲ, ನಾಲ್ಕು ವರ್ಷ ಉಳಿತಾಯ. ಆರು ವರ್ಷ ಅಂದರೆ ಬಹಳ ಅನ್ನಿಸುತ್ತೆ. ಅಷ್ಟರಲ್ಲಿ ಬೆಲೆ ಏರಿರುತ್ತೆ ಅನ್ನೋದೂ ನಿಜ. ಆಗ ಮನೆ ಸ್ವಲ್ಪ ಚಿಕ್ಕದಾಗಬಹುದು, ಅಥವಾ ಮೆಟ್ರೊ ನಿಲ್ದಾಣದಿಂದ ಇನ್ನೆರಡು ಕಿಲೊಮೀಟರ್ ಆಚೆ ಹೋಗಬಹುದು.

ಇಷ್ಟೆಲ್ಲ ಮಾಡಿದವರೂ ಮುಗ್ಗರಿಸುವ ಜಾಗ ಮಾದರಿ ಫ್ಲ್ಯಾಟ್. ಭಾನುವಾರ, ಎಸಿ, ತಣ್ಣನೆ ಜ್ಯೂಸು, ಬಾಲ್ಕನಿಯಲ್ಲಿ ತುಳಸಿ ಕುಂಡ ಕೂಡ ಇಟ್ಟಿರ್ತಾರೆ. "ಮೇಡಂ, ಇವತ್ತೇ ಬುಕ್ ಮಾಡಿದ್ರೆ ಮಾತ್ರ ಈ ರೇಟು." ಜೀವಮಾನದ ಅತಿ ದೊಡ್ಡ ಭಾವನಾತ್ಮಕ ಖರೀದಿ ಇದೇ. ಅವತ್ತು ಚೆಕ್‌ಬುಕ್ ಮನೆಯಲ್ಲಿ ಬಿಟ್ಟು ಹೋಗಿ. ಯೋಜನೆಯ ರೇರಾ ನೋಂದಣಿ ಸಂಖ್ಯೆ ಬರೆದುಕೊಂಡು ಬಂದು ಕರ್ನಾಟಕ ರೇರಾ ಜಾಲತಾಣದಲ್ಲಿ ನೋಡಿ. ಮಾರಾಟದ ಒಪ್ಪಂದ ನೋಂದಣಿ ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ ಅಂತ ರೇರಾ ಕಾಯ್ದೆಯ 13ನೇ ಕಲಮಿನಲ್ಲಿದೆ. ಇ-ಖಾತೆ ಇದೆಯಾ, 'ಎ' ಖಾತೆಯೋ 'ಬಿ' ಖಾತೆಯೋ ಅಂತ ಕೇಳಿ. 'ಬಿ' ಆದರೆ ಹಲವು ಬ್ಯಾಂಕುಗಳು ಸಾಲವನ್ನೇ ಕೊಡಲ್ಲ. ಬುಕಿಂಗ್ ಬೇಡ ಅಂದರೆ ಎಷ್ಟು ವಾಪಸ್ ಕೊಡ್ತೀರಿ ಅನ್ನೋದನ್ನು ಬರವಣಿಗೆಯಲ್ಲಿ ಕೇಳಿ, ಕೇಳಿದ ಕೂಡಲೇ ಅವರ ಮುಖ ನೋಡಿ. ಆಮೇಲೆ ಬುಧವಾರ ಮಧ್ಯಾಹ್ನ ಒಂದು ಫೋನ್ ಮಾಡಿ. ಫ್ಲ್ಯಾಟ್ ಬಹುಪಾಲು ಅಲ್ಲೇ ಇರುತ್ತೆ, ಸಾಮಾನ್ಯವಾಗಿ ಅದೇ ರೇಟಿಗೆ.